ಹಸುವಿಲ್ಲದೆ ಡೈರಿಗೆ ಬರುತ್ತಿದ್ದವರು

ನಮ್ಮ ಹೆಡ್‌ಮೇಡಂ ತೀರಿಕೊಂಡ ಸುದ್ದಿ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಸೊಪ್ಪು ಆರಿಸುತ್ತಿದ್ದೆ. ಹಾಸನದ ಆಸ್ಪತ್ರೆಯಲ್ಲಿ, ನಿದ್ದೆಯಲ್ಲೇ ಹೋದರಂತೆ. ಒಬ್ಬರಾದ ಮೇಲೊಬ್ಬರು ಕೈಮುಗಿದ ಚಿತ್ರ ಹಾಕತೊಡಗಿದರು. ಅವರ ಜೊತೆ ಒಂದು ದಿನವೂ ಕೆಲಸ ಮಾಡದ ಯಾರೋ ಒಬ್ಬರು ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ಎಂದು ಬರೆದರು. ನನಗೆ ಮೈಯೆಲ್ಲ ಉರಿದುಹೋಯಿತು. ಸರಳವಂತೆ, ಸಜ್ಜನಿಕೆಯಂತೆ! ಆ ಹೆಂಗಸು ಶುದ್ಧ ಹಟಮಾರಿ. ಹಿಡಿದದ್ದನ್ನು ಬಿಟ್ಟವರಲ್ಲ, ಬಿಡು ಎಂದವರನ್ನು ಸುಮ್ಮನೆ ಬಿಟ್ಟವರೂ ಅಲ್ಲ. ಯಾರ ಬಗ್ಗೆ ಬರೆದರೂ ಹೊಂದುವಂಥ ಮಾತನ್ನು ಅವರ ಬಗ್ಗೆ ಬರೆದದ್ದು ನೋಡಿ ತಡೆಯಲಾಗಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ದಂಡಿಗನಹಳ್ಳಿ ಹೋಬಳಿಯ ಒಂದು ಊರಿನ ಶಾಲೆಯಲ್ಲಿ ನಾನು ಅವರ ಕೈಕೆಳಗೆ ಆರೇಳು ವರ್ಷ ಇದ್ದೆ. ಇಬ್ಬರೂ ಚನ್ನರಾಯಪಟ್ಟಣದಿಂದ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ಮೇಡಂ ಆಳು ಕುಳ್ಳು, ಗಂಟಲು ಮಾತ್ರ ದೊಡ್ಡದು. ಪ್ರಾರ್ಥನೆಗೆ ನಿಂತಾಗ ಮೈಕು ಬೇಕಿರಲಿಲ್ಲ. ಬಸ್ಸಿನಲ್ಲಿ ಗುಟ್ಟು ಹೇಳಿದರೂ ಹಿಂದಿನ ಸೀಟಿನವರೆಗೆ ಕೇಳಿಸುತ್ತಿತ್ತು. ಹುಟ್ಟಿ ಬೆಳೆದದ್ದು ಜಿನನಾಥಪುರದಲ್ಲಿ, ಬಸದಿಗೆ ಹತ್ತಿರದ ಜೈನರ ಮನೆಯಲ್ಲಿ. ಸೂರ್ಯ ಮುಳುಗಿದ ಮೇಲೆ ಊಟ ಹಾಗಿರಲಿ, ಒಂದು ತೊಟ್ಟು ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಚಿಕ್ಕಂದಿನಿಂದ ಹಿಡಿದುಕೊಂಡು ಬಂದ ನಿಯಮ ಅದು. ಹಾಗಾಗಿ ಶಾಲೆಯ ಕೊನೇ ಗಂಟೆ ಹೊಡೆದ ಕೂಡಲೇ ಆಫೀಸ್ ರೂಮಿನಲ್ಲಿ ಎರಡನೇ ಡಬ್ಬಿ ಬಿಚ್ಚುತ್ತಿದ್ದರು. ಹೊರಗೆ ಬಿಸಿಲು ಚುರುಗುಡುತ್ತಿರುವಾಗಲೇ ಕೈ ತೊಳೆದು ಬಂದು, “ನನ್ನ ರಾತ್ರಿ ಊಟ ಮುಗೀತು, ನಡೀರಿ ಟೀಚರ್” ಎನ್ನುತ್ತಿದ್ದರು. ಆಮೇಲೆ ಇಬ್ಬರೂ ಡೈರಿಯ ಕಡೆ ಹೊರಡುತ್ತಿದ್ದೆವು.

ಈ ಡೈರಿಯ ಕಥೆ ಶುರುವಾದದ್ದು ಒಂದು ಪೋಷಕರ ಸಭೆಯಿಂದ. ಮೇಡಂ ಆ ಊರಿಗೆ ಬಂದ ಹೊಸದರಲ್ಲಿ ಮನೆಮನೆಗೆ ಹೇಳಿಕಳಿಸಿ, ಕುರ್ಚಿ ಹಾಕಿಸಿ, ಬಿಸ್ಕತ್ತು ತರಿಸಿ ಸಭೆ ಕರೆದಿದ್ದರು. ಬಂದವರು ಯಾವಾಗಲೂ ಬರುವ ನಾಲ್ಕೈದು ಗಂಡಸರು. ಅವರ ಮುಂದಾಳು ಸ್ವಾಮಣ್ಣ, ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ. ಊರಿನ ಹಾಲಿನ ಡೈರಿಗೂ ಅವರೇ ಕಾರ್ಯದರ್ಶಿ. ಬಿಸ್ಕತ್ತು ತಿಂದು, ಕಾಂಪೌಂಡಿನ ಬಗ್ಗೆ ಎರಡು ಮಾತಾಡಿ ಎದ್ದುಹೋದರು. ಮೇಡಂ ಖಾಲಿ ಕುರ್ಚಿಗಳ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತರು. “ಇಷ್ಟು ಜನ ನಮ್ಮ ಹತ್ರ ಬರಲ್ಲ ಅಂದ್ರೆ ಬೇರೆ ಎಲ್ಲಿಗೋ ಹೋಗ್ತಿರ್ಬೇಕಲ್ರೀ. ಎಲ್ಲಿಗೆ ಹೋಗ್ತಾರೆ?” ಎಂದರು. ನನಗೆ ಬಸ್ಸಿಗೆ ಹೊತ್ತಾಗುತ್ತಿತ್ತು. “ಡೈರಿಗೆ” ಎಂದೆ, ತಮಾಷೆಗೆ. ಅವರು ತಮಾಷೆಯನ್ನೂ ಬಿಡುವವರಲ್ಲ.

ಮಾರನೆಯ ಸಂಜೆ ಒಂದು ಸಣ್ಣ ಸ್ಟೀಲ್ ಕ್ಯಾನು ಹಿಡಿದುಕೊಂಡು ಹೋಗಿ ಹಾಲು ಹಾಕುವವರ ಸಾಲಿನ ಕೊನೆಯಲ್ಲಿ ನಿಂತರು. ಸ್ವಾಮಣ್ಣ ಅಳತೆ ಮಾಡುತ್ತಿದ್ದವರು ತಲೆಯೆತ್ತಿ, “ಏನ್ ಮೇಡಂ, ಹಸ ಕಟ್ಟಿದ್ದೀರಾ?” ಎಂದರು. “ನನ್ನ ಹತ್ರ ನೂರೆಂಟು ಕರು ಇದಾವೆ ಸ್ವಾಮಣ್ಣ, ಅವುಗಳ ವಿಚಾರ ಮಾತಾಡೋಣ ಅಂತ ಬಂದೆ” ಎಂದರು ಮೇಡಂ. ಸಾಲೆಲ್ಲ ನಕ್ಕಿತು. ಅವತ್ತಿನಿಂದ ದಿನವೂ ನಿಂತರು. ಮುಂದಿನವರ ಜೊತೆ ಸ್ವಲ್ಪ, ಹಿಂದಿನವರ ಜೊತೆ ಸ್ವಲ್ಪ, ಸಾಲು ಸರಿದಷ್ಟು ಹೊತ್ತು ಮಾತು. ನಿಮ್ಮ ಹುಡುಗ ಮಗ್ಗಿ ಚೆನ್ನಾಗಿ ಹೇಳ್ತಾನೆ, ಕಣ್ಣು ಮಾತ್ರ ತೋರಿಸಿ, ಬೋರ್ಡು ಕಾಣ್ತಿಲ್ಲ ಅವನಿಗೆ. ನಿಮ್ಮ ಮೊಮ್ಮಗಳು ಯಾಕಮ್ಮ ಸಪ್ಪಗಿದಾಳೆ? ಕೊನೆಗೆ ಅರ್ಧ ಲೀಟರ್ ಹಾಲು ಕೊಂಡು ಬಸ್ಸು ಹತ್ತುವುದು. ತಮಾಷೆಯೆಂದರೆ ಅವರಿಗೆ ಹಾಲು ಕಂಡರಾಗದು, ಕುಡಿದರೆ ಹೊಟ್ಟೆ ಉಬ್ಬರಿಸುತ್ತಿತ್ತು. ಅಷ್ಟು ವರ್ಷ ನಮ್ಮ ಮನೆಯ ಕಾಫಿ ಅವರ ಹಾಲಿನದೇ.

ಒಮ್ಮೆ ಅಧಿಕಾರಿಯೊಬ್ಬರು ತಪಾಸಣೆಗೆ ಬಂದು, ಸಮುದಾಯದ ಸಹಭಾಗಿತ್ವಕ್ಕೆ ಏನು ಮಾಡಿದ್ದೀರಿ ಎಂದು ಕೇಳಿದರು. ಮೇಡಂ ಅವರನ್ನು ನೇರ ಡೈರಿಗೆ ಕರೆದುಕೊಂಡು ಹೋಗಿ, “ಸಾಲಿನಲ್ಲಿ ನಿಂತ್ಕೊಳಿ ಸಾರ್, ಸುಮ್ನೆ ಕೇಳಿಸ್ಕೊಳಿ” ಎಂದರು. ಪಾಪ, ಒಳ್ಳೆಯ ಮನುಷ್ಯ, ನಿಂತರು. ಮುಂದೆ ನಿಂತಿದ್ದ ಅಜ್ಜಿ ಅವರಿಗೆ ಶಾಲೆಯ ಶೌಚಾಲಯದ ಬಾಗಿಲಿನ ಕಥೆಯನ್ನು ಪೂರ್ತಿಯಾಗಿ ಹೇಳಿತು. ಬಾಗಿಲು ಆ ತಿಂಗಳೇ ಬಂತು.

ಐದನೇ ಕ್ಲಾಸಿನ ಮಕ್ಕಳಿಗೆ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಇರುತ್ತದೆ. ಗೆದ್ದರೆ ಆರನೆಯದರಿಂದ ಊಟ, ವಸತಿ, ಓದು ಎಲ್ಲ ಅಲ್ಲೇ. ಹಳ್ಳಿಯ ಮನೆಯೊಂದಕ್ಕೆ ಅದು ಸಣ್ಣ ಮಾತಲ್ಲ. ಅದಕ್ಕೆ ವಿಶೇಷ ತರಗತಿ ಮಾಡೋಣ, ಯಾವಾಗ ಮಾಡೋಣ ಎಂದು ಮೇಡಂ ಡೈರಿಯಲ್ಲಿ ಒಂದು ವಾರ ಕೇಳಿದರು. ಬೆಳಿಗ್ಗೆ ಹಾಲು ಹಾಕಿ ಬರುವಾಗ ಮಕ್ಕಳನ್ನು ಬಿಟ್ಟುಹೋಗುತ್ತೇವೆ, ಎಂಟು ಗಂಟೆಗೆ ಇಡಿ ಎಂದರು ಎಲ್ಲರೂ. ಊರಿಗೆ ಊರೇ ಒಪ್ಪಿತು ಎಂದು ಮೇಡಮ್ಮಿಗೆ ಖುಷಿಯೋ ಖುಷಿ. ಇಬ್ಬರೂ ಮೊದಲ ಬಸ್ಸಿಗೆ ಹೋಗತೊಡಗಿದೆವು.

ನನ್ನ ಲೆಕ್ಕದ ಪಾಠದಲ್ಲಿ ಎಲ್ಲರಿಗಿಂತ ಮುಂದಿದ್ದವಳು ಚೈತ್ರ, ಕಾಲೋನಿಯ ಕೊನೇ ಸಾಲಿನ ಮನೆಯ ಹುಡುಗಿ. ಬೆಳಗಿನ ತರಗತಿಗೆ ಅವಳು ಎರಡು ದಿನ ತಡವಾಗಿ ಬಂದಳು, ಆಮೇಲೆ ಬರಲೇ ಇಲ್ಲ. ಹತ್ತು ಗಂಟೆಯ ಶಾಲೆಗೆ ಮಾತ್ರ ಬರುತ್ತಿದ್ದಳು. ಅವಳ ಅಕ್ಕಪಕ್ಕದ ಮನೆಯ ಇನ್ನೂ ಮೂರ್ನಾಲ್ಕು ಹೆಣ್ಣುಮಕ್ಕಳದೂ ಅದೇ ಪಾಡು. ಕೇಳಿದರೆ ನೆಲ ನೋಡುತ್ತಿದ್ದರು. ಮೇಡಂ ಒಂದು ಸಂಜೆ ಡೈರಿ ಮುಗಿಸಿಕೊಂಡು, “ಬನ್ನಿ, ಇವಳ ಮನೆಗೇ ಹೋಗೋಣ” ಎಂದರು.

ಚೈತ್ರಳ ತಾಯಿ ಮಂಜುಳ ಇನ್ನೂ ಬಂದಿರಲಿಲ್ಲ. ಚೈತ್ರ ಎರಡು ವರ್ಷದ ತಮ್ಮನನ್ನು ಸೊಂಟದಲ್ಲಿ ಇಟ್ಟುಕೊಂಡು ಅನ್ನಕ್ಕೆ ಇಡುತ್ತಿದ್ದಳು. ಕಾದೆವು. ದೀಪ ಹಚ್ಚುವ ಹೊತ್ತಿಗೆ ಗೂಡ್ಸ್ ಗಾಡಿಯೊಂದು ಬಂದು ಹೆಂಗಸರನ್ನು ಇಳಿಸಿತು. ಮಂಜುಳ ಮೊಣಕಾಲಿನವರೆಗೆ ಶುಂಠಿ ಹೊಲದ ಮಣ್ಣು ಮೆತ್ತಿಕೊಂಡೇ ಓಡಿಬಂದಳು. ನಮ್ಮನ್ನು ಕಂಡು ಗಾಬರಿಯಾದಳು. “ಏನ್ ಮೇಡಮ್ಮ, ನಮ್ ಮಗ್ಳು ಏನಾರ ತಪ್ ಮಾಡಿದ್ಲಾ?” ಎಂದವಳು, ಉತ್ತರಕ್ಕೂ ಕಾಯದೆ ಒಳಗೆ ಹೋಗಿ ಚೊಂಬು ತೊಳೆದು ನೀರು ತಂದಳು.

ಕತ್ತಲಾಗಿತ್ತು. ಮೇಡಮ್ಮಿನ ಕೈ ತಾನಾಗಿಯೇ ಬೇಡ ಎಂದು ಮೇಲೆದ್ದಿತು, ಅಷ್ಟು ವರ್ಷದ ಅಭ್ಯಾಸ. ಮಂಜುಳಳ ಮುಖ ಇಳಿದುಹೋಯಿತು. ಚೊಂಬನ್ನು ಹೊಸ್ತಿಲ ಮೇಲಿಟ್ಟಳು. “ಬುಡಿ ಮೇಡಮ್ಮ. ಗೊತ್ತು. ನಮ್ಮನೇಲಿ ಕುಡಿಯಕಾಯ್ತದಾ” ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ಅದೇ ಕಷ್ಟವಾದದ್ದು.

ನಾನು ಬಾಯಿ ತೆಗೆದೆ, ಅವರದು ಜೈನರ ನಿಯಮ ಕಣಮ್ಮ ಎಂದು ಹೇಳಲು. ಅಷ್ಟರಲ್ಲಿ ಮೇಡಂ ಬಗ್ಗಿ ಚೊಂಬು ಎತ್ತಿಕೊಂಡು ಗಟಗಟನೆ ಕುಡಿದರು, ಒಂದು ತೊಟ್ಟು ಬಿಡದೆ. ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಜಗಲಿಯ ಮೇಲೆ ಕೂತರು. ಹಾಸಿಗೆ ಹಿಡಿದಿದ್ದಾಗಲೂ ಅವರು ರಾತ್ರಿ ಮಾತ್ರೆ ನುಂಗಲು ನೀರು ಮುಟ್ಟಿರಲಿಲ್ಲ.

“ಬೆಳಗ್ಗೆ ಕ್ಲಾಸಿಗೆ ಚೈತ್ರನ್ನ ಯಾಕಮ್ಮ ಕಳಿಸ್ತಿಲ್ಲ? ಊರಲ್ಲಿ ಎಲ್ಲಾರೂ ಒಪ್ಪಿದ್ರಲ್ಲ, ಎಂಟು ಗಂಟೆಗೆ ಅಂತ” ಎಂದರು.

“ಯಾರ್ ಒಪ್ಪಿದ್ರು ಮೇಡಮ್ಮ? ನಮ್ಮುನ್ನ ಯಾರ್ ಕೇಳಿದ್ರು?”

“ಡೈರಿ ಹತ್ರ ಎಲ್ಲಾರ್ನೂ ಕೇಳಿದ್ನಲ್ಲಮ್ಮ.”

ಮಂಜುಳ ನಕ್ಕೇಬಿಟ್ಟಳು. “ನಾವ್ಯಾಕ್ ಡೈರಿಗ್ ಬರಾನ? ನಮ್ಮನೇಲಿ ಕರಿಯಾಕೆ ಏನೈತೆ? ಕಾಲೋನೀಲೂ ಹಸ ಇರೋರು ಬತ್ತಾರೆ, ನಮ್ ಸಾಲ್ನೋರು ಯಾರ್ ಬತ್ತಾರೆ? ಒತ್ತಾರೆ ಏಳಕ್ಕೆ ಮುಂಚೆ ಶುಂಠಿ ಗಾಡಿ ಬತ್ತದೆ. ಒಂದೊಂದ್ ಸಲ ಅರಕಲಗೂಡ್ ಕಡೀಗೂ ಓಯ್ತದೆ. ಆಗ ಈ ಮಗ ಇನ್ನೂ ಮನಗಿರ್ತದೆ. ಅಂಗನವಾಡಿ ಬಾಗ್ಲು ತಗಿಯೋಗಂಟ ಇದುನ್ನ ನೋಡ್ಕಳೋರ್ ಯಾರು? ಇವ್ಳೇ. ಮನಗಿರೋದ್ನ ಎತ್ಕಂಡು ಆ ರಸ್ತೆ ದಾಟ್ಕಂಡು ಇಸ್ಕೂಲಿಗೆ ಬಾ ಅನ್ನಾನ?”

ಶಾಲೆ ಇದ್ದದ್ದು ಲಾರಿಗಳು ಓಡಾಡುವ ದೊಡ್ಡ ರಸ್ತೆಯ ಆಚೆಗೆ. ವಾಪಸು ಬಸ್ಸಿನಲ್ಲಿ ನಾನು ಕೇಳಿದೆ, ನಿಯಮ ಇದೆ ಅಂತ ಹೇಳಬಹುದಿತ್ತಲ್ಲ ಮೇಡಂ ಎಂದು. “ಹೇಳಿದ್ರೆ ಅವಳು ನಂಬ್ತಿದ್ಲೇನ್ರೀ? ಅವಳ ಮನೆ ಬಾಗಿಲಲ್ಲಿ ಎಷ್ಟು ಜನ ಎಷ್ಟು ನೆಪ ಹೇಳಿರ್ತಾರೆ” ಎಂದರು. “ನಿಯಮ ನಂದು. ನಾಳೆ ಉಪವಾಸ ಇರ್ತೀನಿ, ಅದು ನನ್ನ ಪಾಡು.” ಆಮೇಲೆ ಕಿಟಕಿಯ ಕಡೆ ತಿರುಗಿ, “ಹಸು ಇಲ್ಲದವರ ಯೋಚನೆ ನನಗೆ ಬರಲೇ ಇಲ್ಲವಲ್ರೀ” ಎಂದರು. ಮಾರನೆಯ ದಿನ ನಿಜವಾಗಿಯೂ ಡಬ್ಬಿ ತರಲಿಲ್ಲ.

ಆ ಸಂಜೆ ಡೈರಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ, ಅವರಿಗೆ ಅದೇನು ಕಷ್ಟವಲ್ಲ ಬಿಡಿ, ಹೇಳಿದರು: “ನಾನು ತಪ್ಪು ಮಾಡಿದೀನಿ. ಊರು ಒಪ್ಪಿದೆ ಅಂದ್ಕೊಂಡೆ. ಹಸು ಇರೋರು ಒಪ್ಪಿದ್ರು, ಅಷ್ಟೇ. ಸೋಮವಾರದಿಂದ ಬೆಳಗಿನ ಕ್ಲಾಸು ಕಾಲೋನಿಯ ಸಮುದಾಯ ಭವನದಲ್ಲಿ. ಅಲ್ಲಿಂದ ಆ ಹುಡುಗೀರಿಗೆ ಮನೆ ಕೂಗಳತೆ ದೂರ. ಮಗು ಎದ್ದರೆ ಕೇಳುತ್ತೆ, ಎತ್ಕೊಂಡು ಬಂದು ಕೂತ್ಕೋಬಹುದು.”

ಸ್ವಾಮಣ್ಣ ಹಾಲು ಅಳೆಯುವುದನ್ನು ನಿಲ್ಲಿಸದೆ, “ಮೇಡಂ, ಬ್ಯಾರೆ ಏನಾರ ಯೋಳಿ, ಮಾಡಾನ. ನಮ್ ಐಕ್ಳು ಅಲ್ಲಿಗ್ ಬರಾಕಿಲ್ಲ” ಎಂದರು. “ಜಾಸ್ತಿ ಮಾತಾಡುದ್ರೆ ಟೀಸಿ ಇಸ್ಕಂಡು ಕಾನ್ವೆಂಟಿಗ್ ಆಕ್ತಾರೆ ಜನ, ಅದುನ್ನೂ ನೋಡ್ಕಳಿ.”

“ಬಲವಂತ ಇಲ್ಲ ಸ್ವಾಮಣ್ಣ. ನಾನು ಅಲ್ಲಿರ್ತೀನಿ” ಎಂದು ಮೇಡಂ ಹಾಲು ಹಿಡಿದುಕೊಂಡರು.

ಮಕ್ಕಳ ಸಂಖ್ಯೆ ಇಳಿದರೆ ಮೊದಲು ಎತ್ತಂಗಡಿಯಾಗುವವಳು ನಾನೇ. ದಾರಿಯುದ್ದಕ್ಕೂ ಜಗಳವಾಡಿದೆ. ಶಾಲೆ ಎರಡು ಹೋಳಾದರೆ ಏನು ಮಾಡುತ್ತೀರಿ, ಆ ನಾಲ್ಕೈದು ಹುಡುಗಿಯರಿಗೆ ಸಂಜೆ ಬೇರೆ ಪಾಠ ಮಾಡಿದರಾಗದೇ ಎಂದೆ. “ಸಂಜೆ ಅವರು ಅನ್ನಕ್ಕೆ ಇಡ್ತಿರ್ತಾರೆ. ನೋಡಿದ್ರಲ್ಲ” ಎಂದರು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ.

ಸೋಮವಾರ ಭವನಕ್ಕೆ ಬಂದದ್ದು ಕಾಲೋನಿಯ ಮಕ್ಕಳು ಮಾತ್ರ. ಮೇಲಿನ ಬೀದಿಯ ಒಂದು ಮಗುವೂ ಇಲ್ಲ. ಚೈತ್ರ ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ಲೆಕ್ಕ ಮಾಡಿದಳು. ಮೇಡಂ ಏನೂ ಆಗಿಲ್ಲವೆಂಬಂತೆ ಪಾಠ ಮುಗಿಸಿದರು. ಸಂಜೆ ಮಾಮೂಲಿನಂತೆ ಕ್ಯಾನು ಹಿಡಿದು ಡೈರಿಗೆ ಹೊರಟಾಗ ನಾನು ದಂಗಾದೆ. ಯಾವ ಮುಖ ಇಟ್ಟುಕೊಂಡು ಹೋಗುತ್ತಾರಪ್ಪ ಎನಿಸಿತು. ಅವರು ಸಾಲಿನಲ್ಲಿ ನಿಂತು, ಹಿಂದಿನವರ ಹತ್ತಿರ, “ಇವತ್ತು ಭಿನ್ನರಾಶಿ ಕೂಡೋದು ಹೇಳಿಕೊಟ್ವಿ. ನಿಮ್ಮ ಹುಡುಗನಿಗೆ ಈ ಮೂರು ಲೆಕ್ಕ ಮಾಡೋಕೆ ಹೇಳಿ” ಎಂದರು. ಮುಂದಿನವರಿಗೂ ಅದೇ. ಮಗುವಿಗೆ ಜ್ವರ ಬಂದು ಎರಡು ದಿನ ಬಾರದಿದ್ದರೆ ಹೇಗೆ ಹೇಳುತ್ತಾರೋ ಹಾಗೆ. ಯಾಕೆ ಕಳಿಸಲಿಲ್ಲ ಎಂದು ಒಬ್ಬರನ್ನೂ ಕೇಳಲಿಲ್ಲ. ಮಂಗಳವಾರವೂ ಹೇಳಿದರು, ಬುಧವಾರವೂ ಹೇಳಿದರು. ಜನ ಮುಖ ತಿರುಗಿಸಿಕೊಂಡರೂ ಹೇಳಿದರು. ಸ್ವಾಮಣ್ಣ ತಲೆಯೆತ್ತದೆ ಅರ್ಧ ಲೀಟರ್ ಸುರಿಯುತ್ತಿದ್ದರು. ನಾನಾಗಿದ್ದರೆ ಎರಡನೇ ದಿನಕ್ಕೇ ಕ್ಯಾನು ಬಿಸಾಕುತ್ತಿದ್ದೆ.

ಮುಂದಿನ ವಾರ ಒಂದು ಸಂಜೆ ಸ್ವಾಮಣ್ಣನ ಹೆಂಡತಿ ಪುಷ್ಪ ಗಂಡನ ಬೆನ್ನ ಹಿಂದಿನಿಂದ ಕೇಳಿದಳು, “ಮೇಡಂ, ನೆನ್ನೆ ಲೆಕ್ಕ ನಮ್ ಮನೂಗೆ ಬರ್ನಿಲ್ಲ. ಅದ್ ಎಂಗೆ?” ಮೇಡಂ ಅಲ್ಲೇ ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದರು. ಪುಷ್ಪ ಬಗ್ಗಿ ನೋಡಿದಳು, ಅರ್ಥವಾಗಲಿಲ್ಲವೆಂದು ತಲೆಯಾಡಿಸಿದಳು, ಹೋದಳು. ಮಾರನೆಯ ಬೆಳಿಗ್ಗೆ ಮನುವಿನ ಕೈ ಹಿಡಿದುಕೊಂಡು ಭವನದ ಮುಂದೆ ಬಂದು ನಿಂತಿದ್ದಳು.

ಹುಡುಗ ಒಳಗೆ ಬಂದು ಕೂತ. ಅವಳು ಒಳಗೆ ಬರಲಿಲ್ಲ, ಹೊಂಗೆ ಮರದ ಕೆಳಗೇ ನಿಂತಳು. ಪಾಠದ ನಡುವೆ ಚೈತ್ರಳ ತಮ್ಮ ಎದ್ದು ರಚ್ಚೆ ಹಿಡಿದ. ಎತ್ತಿದರೂ ಇಲ್ಲ, ತಟ್ಟಿದರೂ ಇಲ್ಲ. ಚೈತ್ರ ಅರ್ಧ ಮಾಡಿದ ಲೆಕ್ಕ ಬಿಟ್ಟು ಅವನನ್ನು ಎತ್ತಿಕೊಂಡು ಹೊರಗೆ ಹೊರಟಳು. ಪುಷ್ಪ ಮೆಟ್ಟಿಲ ಹತ್ತಿರಕ್ಕೆ ಬಂದು ಎರಡೂ ಕೈ ಚಾಚಿದಳು. “ಕೊಡವ್ವ ಇತ್ತಾಗೆ. ನೀನ್ ಓಗಿ ಲೆಕ್ಕ ಮಾಡು” ಎಂದಳು. ಮಗು ಅವಳ ಹೆಗಲಿಗೆ ಹೋಯಿತು. ಮೇಡಂ ಬೋರ್ಡಿನ ಮೇಲೆ ಮುಂದಿನ ಲೆಕ್ಕ ಬರೆದರು. ಆ ತಿಂಗಳು ಮುಗಿಯುವುದರೊಳಗೆ ಮೇಲಿನ ಬೀದಿಯ ಮಕ್ಕಳು ಹೆಚ್ಚುಕಮ್ಮಿ ಎಲ್ಲರೂ ಬಂದರು. ಒಂದೆರಡು ಮನೆಯವರು ಕೊನೆಗೂ ಬರಲಿಲ್ಲ, ಅದನ್ನೂ ಹೇಳಬೇಕು.

ಪರೀಕ್ಷೆಯಾಗಿ, ಬೇಸಿಗೆ ರಜೆ ಕಳೆದು, ಫಲಿತಾಂಶ ಬಂತು. ಚೈತ್ರಳಿಗೆ ಸೀಟು ಸಿಕ್ಕಿತು. ಮನುವಿಗೆ ಸಿಗಲಿಲ್ಲ. ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡವೆಂದು ಮೇಡಂ ಅವತ್ತೇ ಡೈರಿಗೆ ಹೋಗಿ ಸ್ವಾಮಣ್ಣನಿಗೆ ಹೇಳಿದರು. ಅವರು ಹಾಲು ಅಳೆಯುತ್ತಲೇ, “ಊಂ. ಓದುದ್ಲು, ಸಿಕ್ತು” ಎಂದರು. ನಾನಂತೂ ಮುಗಿಯಿತು, ಇನ್ನು ಈ ಮನೆಯವರು ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ ಎಂದುಕೊಂಡೆ.

ತೊಂದರೆ ಬಂದದ್ದು ಮಂಜುಳಳಿಂದ. “ಸಂತೋಸ ಮೇಡಮ್ಮ. ಆದ್ರೆ ಕಳ್ಸಾಕಾಗಾಕಿಲ್ಲ” ಎಂದಳು, ಕಣ್ಣೀರು ಸುರಿಸುತ್ತಲೇ. “ಇವ್ಳು ಓದ್ರೆ ಒತ್ತಾರೆ ಮಗೀನ ಯಾರ್ ನೋಡ್ಕತಾರೆ? ನಾನ್ ಗಾಡಿ ಅತ್ತದಿದ್ರೆ ಮನೇಲಿ ಒಲೆ ಅತ್ತದಾ?”

ಬಸ್ಸಿನಲ್ಲಿ ನಾನು, ಪುಷ್ಪನ್ನ ಒಂದು ಮಾತು ಕೇಳಬಾರದೇ ಎಂದೆ. “ಅವಳ ಮಗನಿಗೆ ಸಿಗದೇ ಇರೋ ಸೀಟು ಕಣ್ರೀ ಅದು. ಯಾವ ಬಾಯಲ್ಲಿ ಕೇಳಲಿ?” ಎಂದರು. “ಕ್ಲಾಸು ನನ್ನ ಕೆಲಸ, ಅದಕ್ಕೆ ಎಷ್ಟು ಬೇಕಾದ್ರೂ ಹಟ ಮಾಡ್ತೀನಿ. ಬೇರೆಯವರ ಮಗೂನ ಸಾಕಿ ಅಂತ ಹಟ ಮಾಡೋಕಾಗುತ್ತಾ? ಇದಕ್ಕೆ ನನ್ನ ಹತ್ರ ದಾರಿ ಇಲ್ಲ.” ಸೇರಲು ಕೊಟ್ಟಿದ್ದ ಗಡುವಿನ ದಿನ ಹತ್ತಿರವಾಗುತ್ತಿತ್ತು. ಅಂಗನವಾಡಿಯನ್ನು ಬೇಗ ತೆಗೆಯಲು ಆಗುತ್ತದೆಯೇ ಎಂದು ಕೇಳಿಬಂದರು, ಆಗಲಿಲ್ಲ.

ಕೊನೆಯ ದಿನದ ಬೆಳಿಗ್ಗೆ ನಾವು ಬಸ್ಸಿನಿಂದ ಇಳಿದೆವು. ಎದುರುಗಡೆಯ ಸ್ಟಾಪಿನಲ್ಲಿ ಮಂಜುಳ ಒಗೆದ ಸೀರೆಯುಟ್ಟು ನಿಂತಿದ್ದಳು. ಪಕ್ಕದಲ್ಲಿ ಚೈತ್ರ, ಎರಡು ಜಡೆ ಬಿಗಿಯಾಗಿ ಹಾಕಿಕೊಂಡು. ಸ್ವಾಮಣ್ಣ ತಮ್ಮ ಬೈಕಿನ ಹಿಂದೆ ಕಟ್ಟಿದ್ದ ಟ್ರಂಕಿನ ಹಗ್ಗ ಬಿಚ್ಚುತ್ತಿದ್ದರು. ಪುಷ್ಪಳ ಸೊಂಟದಲ್ಲಿ ಚೈತ್ರಳ ತಮ್ಮ ಕೂತು ಅವಳ ಕರಿಮಣಿ ಸರ ಎಳೆಯುತ್ತಿದ್ದ.

ಮೇಡಂ ರಸ್ತೆಯನ್ನೂ ನೋಡದೆ ದಾಟಿದರು. ಪುಷ್ಪ ಏನೋ ಕಳ್ಳತನ ಮಾಡಿ ಸಿಕ್ಕಿಬಿದ್ದವಳಂತೆ ಮಾತಾಡಿದಳು: “ನಮ್ಮನೇಲ್ ಬುಟ್ಟೋಗು ಅಂದೆ ಮೇಡಂ. ಅಂಗನವಾಡಿ ತಗಿಯೋಗಂಟ ತಾನೆ? ನಮ್ ಮನು ಆಡುಸ್ತಾನೆ ಇವುನ್ನ. ಅವ್ಳಾದ್ರೂ ಓದ್ಲಿ ಅತ್ಲಾಗೆ.”

ಮೇಡಂ ಸ್ವಾಮಣ್ಣನ ಕಡೆ ತಿರುಗಿದರು. ಅವರು ಹಗ್ಗ ಸುತ್ತುತ್ತಾ, “ನನ್ನೇನ್ ನೋಡೀರಿ? ಮನೇಲಿ ನನ್ ಮಾತು ಎಲ್ಲಿ ನಡೀತದೆ” ಎಂದರು.

ಬಸ್ಸು ಬಂತು. ಚೈತ್ರ ಮೇಡಮ್ಮಿನ ಕಾಲಿಗೆ ಬಿದ್ದಳು, ಮಂಜುಳ ಪುಷ್ಪಳ ಕೈ ಹಿಡಿದು ಏನೋ ಹೇಳಿದಳು, ಟ್ರಂಕು ಮೇಲೇರಿತು, ತಾಯಿ ಮಗಳು ಹತ್ತಿದರು, ಬಸ್ಸು ಹೋಯಿತು. ಗಂಡ ಹೆಂಡತಿ ಮಗುವನ್ನು ನಡುವೆ ಕೂರಿಸಿಕೊಂಡು ಬೈಕಿನಲ್ಲಿ ಮೇಲಿನ ಬೀದಿಯ ಕಡೆ ತಿರುಗಿದರು. “ಗೆದ್ದುಬಿಟ್ರಿ ಮೇಡಂ” ಎಂದು ನಾನು ಅವರ ತೋಳು ಹಿಡಿದೆ. ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ರಸ್ತೆಬದಿಯಲ್ಲೇ ಬಿಕ್ಕಿಬಿಕ್ಕಿ ಅಳುತ್ತಿದ್ದರು.

“ನಾನು ಕೇಳಿರ್ಲಿಲ್ಲ ಕಣ್ರೀ” ಎಂದರು. “ಇದನ್ನ ನಾನು ಯಾರನ್ನೂ ಕೇಳಿರ್ಲಿಲ್ಲ.”